ಪಿಯಾನೊ ಶುರುವಾದಾಗ ಲೆನನ್ ನೆನಪಾದರೆ

ಪ್ರಶ್ನೆ: ನನಗೆ 62 ವರ್ಷ. ಮೈಸೂರಿನಲ್ಲಿ ಕಾಲೇಜು ಓದುವಾಗ ಗೆಳತಿಯ ಅಣ್ಣನ ಕ್ಯಾಸೆಟ್‌ಗಳಲ್ಲಿ ಬೀಟಲ್ಸ್ ಬ್ಯಾಂಡ್, ಅದೇ ಬ್ಯಾಂಡಿನ ಜಾನ್ ಲೆನನ್ ಕೇಳಿಕೊಂಡು ಬೆಳೆದವಳು. ಕಳೆದ ತಿಂಗಳು ಕಾರಿನಲ್ಲಿ ಹೋಗುವಾಗ ಮಗಳು ಓಯಸಿಸ್ ಬ್ಯಾಂಡಿನ 1995ರ ಆಲ್ಬಂ ಹಾಕಿದಳು. ಒಂದು ಹಾಡಿನ ಪಿಯಾನೊ ಶುರುವಾದ ತಕ್ಷಣ 'ಓ, ಇಮ್ಯಾಜಿನ್!' ಎಂದೆ. ಅದು ಇಮ್ಯಾಜಿನ್ ಆಗಿರಲಿಲ್ಲ. ಆಮೇಲೆ ಆಲ್ಬಂ ಉದ್ದಕ್ಕೂ ನನಗೆ ಹಳೆಯ ಹಾಡುಗಳೇ ಕೇಳಿಸಿದವು. 'ಅಮ್ಮಾ, ನಿಂಗೆ ಎಲ್ಲದರಲ್ಲೂ ಹಳೇದೇ ಕೇಳ್ಸುತ್ತೆ' ಎಂದು ಮಗಳು ಬೇಜಾರು ಮಾಡಿಕೊಂಡಳು. ಇದು ನನ್ನ ಭ್ರಮೆಯೇ? ಭ್ರಮೆ ಅಲ್ಲವಾದರೆ ಇದನ್ನು ಕಳ್ಳತನ ಅನ್ನಬಹುದೇ?

ಉತ್ತರ: ಭ್ರಮೆ ಅಲ್ಲ. ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ. ಗಿಟಾರ್ ಕಲಿಸುವ ನನಗೆ ಈ ಪ್ರಶ್ನೆ ತುಂಬಾ ಪರಿಚಿತ. ಮಕ್ಕಳು ಓಯಸಿಸ್ ಹಾಡು ಕಲಿಸಿ ಎನ್ನುತ್ತಾರೆ. ಅವರನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮ ಬಾಗಿಲಲ್ಲೇ ನಿಂತು, 'ಇದು ಬೀಟಲ್ಸ್ ಅಲ್ವಾ?' ಎನ್ನುತ್ತಾರೆ. 2025ರ ಜುಲೈ 4ರಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ಓಯಸಿಸ್ ಮತ್ತೆ ವೇದಿಕೆ ಹತ್ತಿದ ಮೇಲಂತೂ ಇದು ಜಾಸ್ತಿಯಾಗಿದೆ. 2009ರಲ್ಲಿ ಜಗಳವಾಡಿ ಬೇರೆಯಾಗಿದ್ದ ಅಣ್ಣತಮ್ಮಂದಿರು ನೋಯೆಲ್ ಮತ್ತು ಲಿಯಮ್ ಗ್ಯಾಲಗರ್ 16 ವರ್ಷದ ನಂತರ ಒಟ್ಟಿಗೆ ನಿಂತರು. ನಿಮ್ಮ ಮಗಳ ವಯಸ್ಸಿನವರು ಈಗ ಆ ಆಲ್ಬಂಗಳನ್ನು ಹೊಸದಾಗಿ ಕೇಳುತ್ತಿದ್ದಾರೆ.

ನೀವು ಕೇಳಿದ ಹಾಡು 'ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್'. ಆಲ್ಬಂ 'ವಾಟ್ಸ್ ದ ಸ್ಟೋರಿ ಮಾರ್ನಿಂಗ್ ಗ್ಲೋರಿ', 1995ರ ಅಕ್ಟೋಬರ್‌ನಲ್ಲಿ ಬಂದದ್ದು. ಹಾಡು ಬರೆದವನು ನೋಯೆಲ್, ಇದನ್ನು ಹಾಡಿದವನೂ ಅವನೇ. ಲೆನನ್ 1971ರಲ್ಲಿ ನುಡಿಸಿದ 'ಇಮ್ಯಾಜಿನ್' ಪಿಯಾನೊ ನಿಮಗೆ ನೆನಪಾಗಲಿ ಎಂದೇ ಅವನು ಹಾಗೆ ಶುರು ಮಾಡಿದ್ದು. ಅದನ್ನು ಅವನು ಯಾವತ್ತೂ ಮುಚ್ಚಿಟ್ಟಿಲ್ಲ. ಎರಡೂ ಹಾಡಿನ ಶ್ರುತಿ ಸಿ, ಅಂದರೆ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು; ಎರಡರಲ್ಲೂ ಪಿಯಾನೊ ಸಿ ಕಾರ್ಡ್‌ನಿಂದ ಎಫ್‌ಗೆ ಹೋಗಿ ಮತ್ತೆ ಸಿ ಕಾರ್ಡ್‌ಗೆ ಬರುತ್ತದೆ. ಎರಡೂ ನಿಧಾನ. ಹೀಗಿರುವಾಗ 'ಇಮ್ಯಾಜಿನ್' ಎಂದು ಕೂಗದೇ ಇದ್ದಿದ್ದರೆ ಅದೇ ಆಶ್ಚರ್ಯ.

ನಮ್ಮ ಮನೆಗಳಲ್ಲಿ ಇರುತ್ತಿದ್ದ ಹಳೆಯ ಭಜನೆ ಪುಸ್ತಕ, ಸಂಪ್ರದಾಯದ ಹಾಡಿನ ಪುಸ್ತಕಗಳನ್ನು ನೆನಪು ಮಾಡಿಕೊಳ್ಳಿ. ಹಾಡಿನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಧಾಟಿ' ಎಂದು ಬರೆದು, ಎಲ್ಲರಿಗೂ ಗೊತ್ತಿರುವ ಇನ್ನೊಂದು ಹಾಡಿನ ಮೊದಲ ಸಾಲು ಕೊಟ್ಟಿರುತ್ತಿದ್ದರು. ನಾಟಕದ ಹಾಡಿನ ಪುಸ್ತಕಗಳಲ್ಲಿ ಅದಕ್ಕೆ 'ಮಟ್ಟು' ಎನ್ನುತ್ತಿದ್ದರು. ಹೊಸ ಮಾತನ್ನು ಯಾವ ಹಳೆಯ ಹಾಡಿನ ಹಾಗೆ ಹೇಳಬೇಕು ಎಂದು ಅದು ಮೊದಲೇ ತಿಳಿಸುತ್ತಿತ್ತು. ಅದನ್ನು ಓದಿ ಯಾರೂ 'ಕದ್ದಿದ್ದಾರೆ' ಎಂದವರಲ್ಲ. ನೋಯೆಲ್ ತನ್ನ ಹಾಡಿನ ತಲೆಯ ಮೇಲೆ ಬರೆದ 'ಧಾಟಿ' ಆ ಪಿಯಾನೊ.

ಒಂದು ವ್ಯತ್ಯಾಸ ಇದೆ. ನಮ್ಮ ಪುಸ್ತಕದಲ್ಲಿ ಧಾಟಿ ಎಂದರೆ ಕೊನೆಯವರೆಗೂ ಅದೇ ಟ್ಯೂನ್. ಇಲ್ಲಿ ಹಾಗಲ್ಲ. ಮಾತು ಶುರುವಾದ ಕೂಡಲೇ ಹಾಡು ಬೇರೆ ದಾರಿ ಹಿಡಿಯುತ್ತದೆ. ಲೆನನ್ ಹಾಡಿನ ಚರಣ ಸಿ ಮತ್ತು ಎಫ್ ನಡುವೆಯೇ ಸುಮ್ನೆ ತೂಗುತ್ತಾ ಇರುತ್ತದೆ. ಓಯಸಿಸ್ ಚರಣ ಹೊರಟು ಹೋಗುತ್ತದೆ: ಸಿ, ಜಿ, ಎ ಮೈನರ್, ಇ, ಎಫ್. ಅದರಲ್ಲಿ ಆ 'ಇ' ಕಾರ್ಡ್ ಬರುವ ಜಾಗ ಗಮನಿಸಿ. ಸಿ ಶ್ರುತಿಯ ಮೇಜರ್ ಸ್ಕೇಲ್ ಎಂದರೆ ನಮ್ಮ ಶಂಕರಾಭರಣದ ಏಳು ಸ್ವರಗಳು. 'ಇ' ಕಾರ್ಡ್ ಜೊತೆಗೆ ಆ ಏಳರಲ್ಲಿ ಇಲ್ಲದ ಶುದ್ಧ ಧೈವತ ಒಳಗೆ ಬರುತ್ತದೆ. ಎದೆಯಲ್ಲಿ ಸಣ್ಣಗೆ ಚುಚ್ಚಿದ ಹಾಗೆ ಆಗುವುದು ಅಲ್ಲಿಯೇ. 'ಇಮ್ಯಾಜಿನ್' ಚರಣದಲ್ಲಿ ಆ ನೋವು ಇಲ್ಲ. ಅದು ಶಾಂತವಾದ ಹಾಡು. ಇದು ಬೀಳ್ಕೊಡುವ ಹಾಡು.

ಈಗ ನಾನು ತುಂಬಾ ಇಷ್ಟಪಟ್ಟು ಕಲಿಸುವ ಒಂದು ವಿಷಯ ಹೇಳುತ್ತೇನೆ. ನೀವು ಲೆನನ್‌ನನ್ನು ಪಿಯಾನೊದಲ್ಲಿ ಗುರುತು ಹಿಡಿದಿರಿ. ಆದರೆ ಈ ಹಾಡಿನಲ್ಲಿ ಬೀಟಲ್ಸ್‌ನ ನಿಜವಾದ ಋಣ ಇರುವುದು ಇನ್ನೂ ಒಳಗೆ. ಚರಣ ಮುಗಿದು, ಎಲ್ಲರೂ ಸೇರಿ ಹಾಡುವ ಪಲ್ಲವಿ ಬರುವ ಮೊದಲು ಒಂದು ಭಾಗ ಬರುತ್ತದಲ್ಲ, ಹಾಸಿಗೆಯಿಂದಲೇ ಕ್ರಾಂತಿ ಶುರು ಮಾಡುತ್ತೇನೆ ಎನ್ನುವ ಸಾಲು. ಅಲ್ಲಿ ಕಾರ್ಡ್‌ಗಳು ಎಫ್, ಎಫ್ ಮೈನರ್, ಸಿ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಬಿಳಿ ಒಂದರ ಶ್ರುತಿಯಲ್ಲಿ ಚತುಶ್ರುತಿ ಧೈವತ ಒತ್ತಿ. ಆಮೇಲೆ ಅದರ ಪಕ್ಕದ ಕರಿ ಮನೆಗೆ ಇಳಿಯಿರಿ, ಅದು ಶುದ್ಧ ಧೈವತ. ಆಮೇಲೆ ಪಂಚಮ. ಒಂದರ ಕೆಳಗೆ ಒಂದು, ಮೂರೇ ಸ್ವರ. ಆ ಭಾಗದ ವಿಷಾದ ಎಲ್ಲಾ ಆ ಮೂರು ಸ್ವರಗಳಲ್ಲಿದೆ.

ಈಗ ನಿಮ್ಮ ಕಾಲೇಜು ದಿನಗಳ ಕ್ಯಾಸೆಟ್‌ಗಳಿಗೆ ಹೋಗಿ. 1965ರ 'ರಬ್ಬರ್ ಸೋಲ್' ಆಲ್ಬಂನಲ್ಲಿ 'ಇನ್ ಮೈ ಲೈಫ್' ಇದೆ. ಶ್ರುತಿ ಬೇರೆ, ಇಳಿಯುವ ರೀತಿ ಅದೇ: ಡಿ, ಡಿ ಮೈನರ್, ಎ. ಅದೇ ಧೈವತ, ಅದೇ ಅರ್ಧ ಮೆಟ್ಟಿಲು, ಅದೇ ಪಂಚಮ. ಮೇಜರ್ ಕಾರ್ಡ್ ಕಣ್ಣೆದುರೇ ಮೈನರ್ ಆಗಿ ಮಂಕಾಗುವುದು ಬೀಟಲ್ಸ್‌ನವರಿಗೆ ಬಹಳ ಪ್ರಿಯವಾಗಿದ್ದ ತಿರುವು. ಅವರೂ ಅದನ್ನು ಹುಟ್ಟಿಸಿದವರಲ್ಲ, ಅದು ಅವರಿಗಿಂತ ಹಳೆಯದು. ಆದರೆ ನೋಯೆಲ್ ಅದನ್ನು ಕಲಿತದ್ದು ಇವರ ಹಾಡು ಕೇಳಿ ಕೇಳಿ. ಪಿಯಾನೊವನ್ನು ಅವನು ಬೇಕೆಂದೇ ಇಟ್ಟ. ಈ ಕಾರ್ಡ್ ತಿರುವು ಮಾತ್ರ ಕೈಗೆ ತಾನಾಗಿ ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಮನೆಯಲ್ಲಿ ಅಜ್ಜಿ ಮಾತಾಡುವ ರೀತಿ ಮೊಮ್ಮಗಳ ಬಾಯಿಗೆ ಬರುತ್ತದಲ್ಲ, ಹಾಗೆ.

ಇನ್ನೊಂದು ಸಂಗತಿ ಕೇಳಿ. ಕಾರ್ಡ್ ಹೀಗೆ ಇಳಿಯುವ ಆ ಜಾಗದಲ್ಲೇ ಲೆನನ್‌ನ ಮಾತೂ ಇದೆ. ಲೆನನ್ ತನ್ನ ನೆನಪುಗಳನ್ನು ಹೇಳಿ ರೆಕಾರ್ಡ್ ಮಾಡಿದ ಟೇಪ್‌ನಿಂದ ಒಂದು ಮಾತು ತೆಗೆದುಕೊಂಡೆ ಎಂದು ನೋಯೆಲ್ ಹೇಳಿದ್ದಾನೆ. ಬುದ್ಧಿ ಇದ್ದದ್ದೇ ತಲೆಗೇರಿತು ಎನ್ನುವ ಅರ್ಥದ ಸಾಲು ಅದು. ಹಾಸಿಗೆ, ಕ್ರಾಂತಿ ಎನ್ನುವ ಮಾತು ಬಂದ ಕೂಡಲೇ 1969ರಲ್ಲಿ ಲೆನನ್ ಮತ್ತು ಅವನ ಹೆಂಡತಿ ಯೋಕೊ ಓನೊ ಶಾಂತಿಗಾಗಿ ಹೋಟೆಲ್ ಹಾಸಿಗೆಯಲ್ಲಿ ಕೂತದ್ದು ನೆನಪಾಗುತ್ತದೆ. ಅಂದರೆ ಪಿಯಾನೊ, ಕಾರ್ಡ್, ಮಾತು ಮೂರರಲ್ಲೂ ಒಬ್ಬನೇ ಮನುಷ್ಯ. ಇಷ್ಟಾದರೂ ಪಲ್ಲವಿ ಬಂದಾಗ ಅದು ಲೆನನ್ ಹಾಡಿನ ಹಾಗೆ ಕೇಳುವುದಿಲ್ಲ. ಆ ಪಲ್ಲವಿ ಓಯಸಿಸ್‌ನ ಊರಾದ ಮ್ಯಾಂಚೆಸ್ಟರ್‌ನ ಜನ ಸ್ಟೇಡಿಯಂನಲ್ಲಿ ಒಟ್ಟಾಗಿ ಕೂಗಿ ಹಾಡುವಂಥದ್ದು. 2017ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸ್ಫೋಟವಾಗಿ 22 ಜನ ಸತ್ತರು. ಕೆಲವು ದಿನದ ನಂತರ ಊರಿನ ನಡುವೆ ಒಂದು ನಿಮಿಷ ಮೌನ ಆಚರಿಸಿದರು. ಮೌನ ಮುಗಿದ ಮೇಲೆ ಗುಂಪಿನಲ್ಲಿದ್ದ ಒಬ್ಬ ಹೆಂಗಸು ಮೆಲ್ಲಗೆ ಈ ಹಾಡು ಶುರು ಮಾಡಿದರು. ಸುತ್ತ ಇದ್ದವರೆಲ್ಲ ಸೇರಿಕೊಂಡರು. ಆ ಹೊತ್ತಿನಲ್ಲಿ ಅದು ಆ ಊರಿನ ಹಾಡಾಗಿತ್ತು.

ಆಲ್ಬಂನ ಉಳಿದ ಹಾಡುಗಳಲ್ಲಿ ನಿಮಗೆ ಕೇಳಿಸಿದ್ದೂ ಸುಳ್ಳಲ್ಲ. ಮೊದಲ ಹಾಡು 'ಹಲೋ'. ಅದರ ಕೊನೆಯಲ್ಲಿ ಇಂಗ್ಲಿಷ್ ಹಾಡುಗಾರ ಗ್ಯಾರಿ ಗ್ಲಿಟರ್‌ನ 1973ರ ಒಂದು ಹಾಡಿನ ತುಣುಕು ಇದೆ, ಅದನ್ನು ಬರೆದವರ ಹೆಸರೂ ಆಲ್ಬಂನಲ್ಲಿ ಇದೆ. 'ಶೀ ಈಸ್ ಇಲೆಕ್ಟ್ರಿಕ್' ಮುಗಿಯುವಾಗ ಎಲ್ಲರೂ ಸೇರಿ 'ಆ' ಎಂದು ಮೇಲೆ ಏರುತ್ತಾರಲ್ಲ, ಅದು ಬೀಟಲ್ಸ್‌ನ 'ವಿತ್ ಎ ಲಿಟ್ಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್' ಮುಗಿಯುವ ರೀತಿಯೇ. ಕಾರ್ಡ್ ಸಹ ಅವೇ: ಸಿ, ಡಿ, ಇ.

'ವಂಡರ್‌ವಾಲ್' ವಿಷಯ ಬೇರೆ. ಅದರಲ್ಲಿ ಬೀಟಲ್ಸ್ ಟ್ಯೂನ್ ಇಲ್ಲ, ಹೆಸರು ಮಾತ್ರ ಇದೆ. ಆ ಹೆಸರು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ನ 1968ರ 'ವಂಡರ್‌ವಾಲ್ ಮ್ಯೂಸಿಕ್' ಆಲ್ಬಂನದು. ಒಂದು ಸಿನಿಮಾಕ್ಕೆ ಮಾಡಿದ ಸಂಗೀತ ಅದು. ಆ ವರ್ಷದ ಜನವರಿಯಲ್ಲಿ ಹ್ಯಾರಿಸನ್ ಬಾಂಬೆಗೆ ಬಂದು, ಎಚ್‌ಎಂವಿ ಸ್ಟುಡಿಯೊದಲ್ಲಿ ನಮ್ಮ ಕಲಾವಿದರನ್ನು ಕೂರಿಸಿಕೊಂಡು ಅದರ ಅರ್ಧ ಭಾಗ ಮಾಡಿದ. ಸಂತೂರ್ ನುಡಿಸಿದವರು ಶಿವಕುಮಾರ್ ಶರ್ಮ, ಸರೋದ್ ಆಶಿಶ್ ಖಾನ್. ಮ್ಯಾಂಚೆಸ್ಟರ್ ಹುಡುಗನ ಹಾಡಿನ ಹೆಸರು ಹಿಡಿದು ಹಿಂದೆ ಹೋದರೆ ಬಾಂಬೆಯ ಸಂತೂರ್ ಸಿಗುತ್ತದೆ! ಇದನ್ನು ಮಗಳಿಗೆ ಖಂಡಿತ ಹೇಳಿ. ಗಿಟಾರ್ ಕಲಿಯುವವಳಾದರೆ ಇನ್ನೊಂದು ಹೇಳಿ: ಆ ಹಾಡು ನುಡಿಸುವಾಗ ಉಂಗುರದ ಬೆರಳು ಮತ್ತು ಕಿರುಬೆರಳು ಕೆಳಗಿನ ಎರಡು ತಂತಿಗಳ ಮೂರನೇ ಮನೆಯಲ್ಲೇ ಕೂತಿರುತ್ತವೆ. ಮೇಲೆ ಕಾರ್ಡ್ ಬದಲಾದರೂ ಆ ಎರಡು ಸ್ವರ ಕದಲುವುದಿಲ್ಲ. ತಂಬೂರಿ ಕೇಳಿ ಬೆಳೆದ ನಮ್ಮ ಕಿವಿಗೆ ಆ ಹಾಡು ಇಷ್ಟು ಬೇಗ ಹಿಡಿಸುವುದಕ್ಕೆ ಅದೂ ಕಾರಣ ಇರಬೇಕು ಎಂಬುದು ನನ್ನ ಅನಿಸಿಕೆ.

ಇನ್ನು ಕಳ್ಳತನದ ಪ್ರಶ್ನೆ. ಇದನ್ನು ನಾನು ತೇಲಿಸಿ ಬಿಡುವುದಿಲ್ಲ. ಯಾಕೆಂದರೆ ಓಯಸಿಸ್ ಕೆಲವು ಸಲ ಗೆರೆ ದಾಟಿದ್ದೂ ಇದೆ.

ಕಾರ್ಡ್‌ಗಳ ಜೋಡಣೆ ಯಾರಪ್ಪನ ಸ್ವತ್ತೂ ಅಲ್ಲ. ಮೋಹನ ರಾಗದಲ್ಲಿ ಎಷ್ಟು ಕೃತಿಗಳಿಲ್ಲ? ರಾಗ ಒಂದೇ ಆಯಿತು ಎಂದು ಯಾರೂ ಯಾರನ್ನೂ ಕಳ್ಳ ಎನ್ನುವುದಿಲ್ಲ. ತಾಳಕ್ಕೂ ಅದೇ ಮಾತು, ವಾದ್ಯದ ನಾದಕ್ಕೂ ಅದೇ ಮಾತು. ಆದರೆ ಹಾಡುವ ಟ್ಯೂನ್, ಅಂದರೆ ಮಾತನ್ನು ಹೊತ್ತು ಸಾಗುವ ಆ ಸ್ವರಗಳ ಸಾಲು, ಒಬ್ಬರ ದುಡಿಮೆ. ಅದನ್ನು ಹಾಗೇ ಎತ್ತಿಕೊಂಡರೆ ಹೆಸರು ಹೇಳಬೇಕು, ದುಡ್ಡೂ ಕೊಡಬೇಕು. 1994ರ ಮೊದಲ ಆಲ್ಬಂನ 'ಶೇಕರ್‌ಮೇಕರ್' ಕೇಳಿ ನೋಡಿ. ಚರಣದ ಟ್ಯೂನ್ ಕೋಕಾ-ಕೋಲಾ ಜಾಹೀರಾತಿನಿಂದ ಬಂದು ನ್ಯೂ ಸೀಕರ್ಸ್ ತಂಡ ಹಾಡಿ ಜನಪ್ರಿಯವಾದ 'ಐಡ್ ಲೈಕ್ ಟು ಟೀಚ್ ದ ವರ್ಲ್ಡ್ ಟು ಸಿಂಗ್' ಹಾಡಿನದೇ. ಅದಕ್ಕೆ ಬ್ಯಾಂಡ್ ದುಡ್ಡು ತೆರಬೇಕಾಯಿತು. ನೀವು ಕೇಳಿದ 1995ರ ಆಲ್ಬಂನಲ್ಲಿ 'ಸ್ಟೆಪ್ ಔಟ್' ಎಂಬ ಹಾಡೂ ಇರಬೇಕಿತ್ತು. ಅದರ ಪಲ್ಲವಿ ಅಮೆರಿಕದ ಹಾಡುಗಾರ ಸ್ಟೀವಿ ವಂಡರ್‌ನ 'ಅಪ್‌ಟೈಟ್'ಗೆ ತೀರಾ ಹತ್ತಿರವಾಗಿತ್ತು. ಕೊನೇ ಗಳಿಗೆಯಲ್ಲಿ ಅದನ್ನು ತೆಗೆದು, ಮುಂದಿನ ವರ್ಷ 'ಡೋಂಟ್ ಲುಕ್ ಬ್ಯಾಕ್' ಸಿಂಗಲ್‌ನ (ಒಂದು ಹಾಡನ್ನೇ ಮುಖ್ಯವಾಗಿಟ್ಟು ತರುವ ರೆಕಾರ್ಡ್) ಹಿಂಬದಿಗೆ ಹಾಕಿದರು. ವಂಡರ್ ಮತ್ತು ಅವರ ಜೊತೆ ಹಾಡು ಬರೆದವರ ಹೆಸರನ್ನೂ ಸೇರಿಸಿದರು. ಸರಿಯಾದ ಕೆಲಸ.

ಇಂಗ್ಲಿಷ್ ಹಾಡುಗಾರ ನೀಲ್ ಇನ್ನೆಸ್ ಕಥೆ ನನಗೆ ಇದಕ್ಕಿಂತ ಮುಖ್ಯ. 1994ರ ಡಿಸೆಂಬರ್‌ನಲ್ಲಿ ಬಂದ ಓಯಸಿಸ್ ಸಿಂಗಲ್ 'ವಾಟ್ ಎವರ್'ನ ಮೊದಲ ಸಾಲಿನ ಟ್ಯೂನ್, ಇನ್ನೆಸ್ 1973ರಲ್ಲಿ ಹಾಡಿದ 'ಹೌ ಸ್ವೀಟ್ ಟು ಬಿ ಆ್ಯನ್ ಈಡಿಯಟ್'ನ ಟ್ಯೂನ್. ಇನ್ನೆಸ್‌ಗೆ ನ್ಯಾಯ ಸಿಕ್ಕಿತು, ಬರೆದವರ ಪಟ್ಟಿಯಲ್ಲಿ ಹೆಸರು ಬಂತು. ಇದೇ ಇನ್ನೆಸ್ 1978ರಲ್ಲಿ ಬೀಟಲ್ಸ್‌ನ ಅಣಕವಾಗಿ 'ರಟಲ್ಸ್' ಎಂಬ ಬ್ಯಾಂಡ್‌ಗೆ ಹಾಡು ಬರೆದಿದ್ದರು. ಒಂದೊಂದು ಹಾಡೂ ಬೀಟಲ್ಸ್‌ನ ಯಾವುದೋ ಹಾಡಿನ ನೆರಳು. ಬೀಟಲ್ಸ್ ಹಾಡುಗಳ ಹಕ್ಕು ಹೊಂದಿದ್ದ ಕಂಪನಿ ಅವರ ಮೇಲೆ ಬಿತ್ತು, ಇನ್ನೆಸ್ ಸಂಪಾದನೆಯ ಪಾಲು ಬಿಟ್ಟುಕೊಡಬೇಕಾಯಿತು. ಒಬ್ಬನೇ ಮನುಷ್ಯ ಒಮ್ಮೆ ಸಾಲಗಾರ, ಇನ್ನೊಮ್ಮೆ ಸಾಲ ಕೊಟ್ಟವನು.

ಬೀಟಲ್ಸ್‌ನವರೂ ಇದರಿಂದ ಹೊರಗಿಲ್ಲ. ಇದನ್ನು ನಿಮಗೆ ಹೇಳುವಾಗ ಸ್ವಲ್ಪ ಹಿಂಜರಿಕೆ ಆಗುತ್ತದೆ, ಏಕೆಂದರೆ ಆ ಹಾಡುಗಳು ನಿಮ್ಮ ಹರೆಯದ ಹಾಡುಗಳು. 1969ರ 'ಕಮ್ ಟುಗೆದರ್'ನ ಮೊದಲ ಸಾಲಿನಲ್ಲಿ ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಡುಗಾರ ಚಕ್ ಬೆರ್ರಿಯ 1956ರ ಹಾಡಿನ ಮಾತು ಇದೆ. ಆ ಹಾಡಿನ ಹಕ್ಕು ಇದ್ದ ಪ್ರಕಾಶಕ ಮಾರಿಸ್ ಲೀವಿ ಕೋರ್ಟಿಗೆ ಹೋದ. ಅವನ ಬಳಿ ಇದ್ದ ಹಾಡುಗಳನ್ನು ತಾನು ಹಾಡುತ್ತೇನೆ ಎಂದು ಲೆನನ್ ಒಪ್ಪಬೇಕಾಯಿತು. 1975ರ 'ರಾಕ್ ಆ್ಯಂಡ್ ರೋಲ್' ಆಲ್ಬಂನಲ್ಲಿ ಬೆರ್ರಿಯ ಆ ಹಾಡೇ ಇದೆ. ಹ್ಯಾರಿಸನ್‌ನ 'ಮೈ ಸ್ವೀಟ್ ಲಾರ್ಡ್' ಬಗ್ಗೆ 1976ರಲ್ಲಿ ಅಮೆರಿಕದ ನ್ಯಾಯಾಧೀಶರು ಕೊಟ್ಟ ತೀರ್ಪು ಇನ್ನೂ ಯೋಚನೆಗೆ ಹಚ್ಚುತ್ತದೆ. ಶಿಫಾನ್ಸ್ ಎಂಬ ಹುಡುಗಿಯರ ತಂಡದ 1963ರ 'ಹಿ ಈಸ್ ಸೋ ಫೈನ್' ಟ್ಯೂನ್ ಅದರಲ್ಲಿದೆ, ಆದರೆ ಹ್ಯಾರಿಸನ್ ಬೇಕೆಂದು ಮಾಡಿದ್ದಲ್ಲ, ಅವನಿಗೇ ಗೊತ್ತಿಲ್ಲದೆ ಒಳಮನಸ್ಸಿನಿಂದ ಬಂದಿದೆ ಎಂದರು. ಹಾಡು ಕಟ್ಟುವವರಿಗೆ ಇದು ಬಹಳ ಕಷ್ಟದ ಮಾತು. ನಾನು ಟ್ಯೂನ್ ಹಾಕುವ ವಿದ್ಯಾರ್ಥಿಗಳಿಗೆ ಒಂದೇ ಮಾತು ಹೇಳುತ್ತೇನೆ: ತುಂಬಾ ಸಲೀಸಾಗಿ ಬಂದ ಟ್ಯೂನನ್ನು ಒಂದು ವಾರ ಬಿಟ್ಟು, ಮನೆಯಲ್ಲಿ ಹಿರಿಯರ ಮುಂದೆ ಗುನುಗಿ. ನಿಮ್ಮಂಥವರು ತಕ್ಷಣ ಹೇಳಿಬಿಡುತ್ತೀರಿ.

ಹಾಗಾದರೆ ಓಯಸಿಸ್‌ನಲ್ಲಿ ಅವರದು ಎನ್ನುವುದು ಏನಿದೆ? ನನ್ನ ಲೆಕ್ಕದಲ್ಲಿ ಮೊದಲು ಲಿಯಮ್‌ನ ಗಂಟಲು. ಲೆನನ್‌ನ ಮೂಗಿನ ಸ್ವರ ಅದರಲ್ಲಿದೆ, ನಿಜ. ಆದರೆ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ನ ಜಾನ್ ಲೈಡನ್‌ನ ಒರಟುತನವೂ ಇದೆ. 'ಸನ್‌ಶೈನ್' ಎನ್ನುವ ಒಂದು ಮಾತನ್ನು ಅವನು ಎಳೆದೆಳೆದು ಮೂರು ತುಂಡು ಮಾಡುವುದನ್ನು ಕೇಳಿದರೆ ಗೊತ್ತಾಗುತ್ತದೆ. ಬೀಟಲ್ಸ್ ಯಾರೂ ಹಾಗೆ ಹಾಡಲಿಲ್ಲ. ಎರಡನೆಯದು ಸದ್ದು. ನಿರ್ಮಾಪಕ ಓವನ್ ಮಾರಿಸ್ ಜೊತೆ ಸೇರಿ ನೋಯೆಲ್ ಗಿಟಾರ್ ಮೇಲೆ ಗಿಟಾರ್ ಹಾಕಿ ಗೋಡೆ ಎಬ್ಬಿಸಿದ. ಬೀಟಲ್ಸ್ ಹಾಡಿನಲ್ಲಿ ವಾದ್ಯಗಳ ನಡುವೆ ಗಾಳಿ ಆಡುತ್ತದೆ, ಇಲ್ಲಿ ಸೂಜಿ ತೂರಿಸಲೂ ಜಾಗ ಇಲ್ಲ. ನನಗೆ ಕೆಲವು ಹಾಡಿನಲ್ಲಿ ಇದು ಅತಿ ಅನ್ನಿಸುತ್ತದೆ. 1997ರ ಮೂರನೇ ಆಲ್ಬಂನಲ್ಲಂತೂ ಒಂಬತ್ತು ನಿಮಿಷದ ಹಾಡು, ಕೊನೆಯೇ ಇಲ್ಲದ 'ನಾ ನಾ ನಾ'. ಅಲ್ಲಿ ಬೀಟಲ್ಸ್‌ನ ಬಟ್ಟೆ ಇದೆ, ಒಳಗೆ ಮನುಷ್ಯ ಇಲ್ಲ. ನೀವು ಕೇಳಿದ ಆಲ್ಬಂನಲ್ಲಿ ಹಾಗಿಲ್ಲ. ಅದರ ಕೊನೆಯ ಹಾಡು 'ಶಾಂಪೇನ್ ಸೂಪರ್‌ನೋವಾ'ದಲ್ಲಿ ಗಿಟಾರ್ ನುಡಿಸಿದ ಅತಿಥಿ ಪಾಲ್ ವೆಲರ್, ಹಿಂದಿನ ಪೀಳಿಗೆಯ 'ದ ಜಾಮ್' ಬ್ಯಾಂಡಿನವನು. ಅವನ 1980ರ 'ಸ್ಟಾರ್ಟ್' ಹಾಡಿನ ಬೇಸ್ ಗಿಟಾರ್ ಕೇಳಿ, ಅದು ಬೀಟಲ್ಸ್‌ನ 'ಟ್ಯಾಕ್ಸ್‌ಮನ್'ನದು! ಮುಂದೆ 2004ರಿಂದ ಕೆಲವು ವರ್ಷ ಓಯಸಿಸ್‌ಗೆ ಡ್ರಮ್ಸ್ ಬಾರಿಸಿದವನು ಝ್ಯಾಕ್ ಸ್ಟಾರ್ಕಿ. ಅವನು ಬೀಟಲ್ಸ್‌ನ ರಿಂಗೊ ಸ್ಟಾರ್ ಮಗ.

ಮಗಳ ಬೇಜಾರಿನ ಬಗ್ಗೆಯೂ ಒಂದು ಮಾತು. 'ಇದು ಅದೇ ಹಾಡು' ಎಂದರೆ ಅವಳು ಇಷ್ಟಪಟ್ಟದ್ದನ್ನು ಕಿತ್ತುಕೊಂಡ ಹಾಗೆ ಆಗುತ್ತದೆ. ನೀವು ಹಾಗೆ ಹೇಳಿರಲಾರಿರಿ, ಅವಳಿಗೆ ಹಾಗೆ ಕೇಳಿಸಿರಬೇಕು. ಮುಂದಿನ ಸಲ ಕಾರಿನಲ್ಲಿ ಏನೂ ಹೇಳದೆ ಮೂರು ಹಾಡು ಹಾಕಿ. ಮೊದಲು ಓಯಸಿಸ್‌ನ ಮೊದಲ ಆಲ್ಬಂನಿಂದ 'ಸಿಗರೆಟ್ಸ್ ಆ್ಯಂಡ್ ಆಲ್ಕೊಹಾಲ್'. ಆಮೇಲೆ ಟಿ. ರೆಕ್ಸ್ ಬ್ಯಾಂಡಿನ 1971ರ 'ಗೆಟ್ ಇಟ್ ಆನ್'. ಗಿಟಾರ್ ಶುರುವಾದ ಕೂಡಲೇ ಅವಳು ನಗುತ್ತಾಳೆ, ಆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅಷ್ಟು ಒಂದೇ ಥರ ಇದೆ. ಮೂರನೆಯದು ಚಕ್ ಬೆರ್ರಿಯ 1959ರ 'ಲಿಟ್ಲ್ ಕ್ವೀನಿ'. ಮೂರರಲ್ಲೂ ಗಿಟಾರ್‌ನ ಬೆನ್ನೆಲುಬು ಒಂದೇ: ಷಡ್ಜದ ಜೊತೆ ಪಂಚಮ, ಷಡ್ಜದ ಜೊತೆ ಧೈವತ, ಮತ್ತೆ ಪಂಚಮ, ಮತ್ತೆ ಧೈವತ. ಬೆರ್ರಿಗಿಂತ ಮೊದಲೇ ಬೂಗಿ ಎಂಬ ಶೈಲಿಯ ಪಿಯಾನೊದವರು ಎಡಗೈಯಲ್ಲಿ ಇದನ್ನೇ ಬಾರಿಸುತ್ತಿದ್ದರು.

ಟಿ. ರೆಕ್ಸ್ ಹಾಡು ಮುಗಿಯುತ್ತಾ ಸದ್ದು ಇಳಿಯುವಾಗ ಮಾತ್ರ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ. ಹಾಡುಗಾರ ಮಾರ್ಕ್ ಬೋಲನ್ ಅಲ್ಲಿ ತನ್ನಷ್ಟಕ್ಕೆ ತಾನು ಒಂದು ಸಾಲು ಗೊಣಗುತ್ತಾನೆ, ನಾನಿನ್ನೂ ಯೋಚಿಸುತ್ತಲೇ ಇದ್ದೇನೆ ಎನ್ನುವ ಹಾಗೆ. ಅದು ಬೆರ್ರಿಯ ಸಾಲು. ತಾನು ಯಾರಿಂದ ಕಲಿತೆ ಎಂದು ಬೋಲನ್ ಅಲ್ಲಿ ಹೇಳಿ ಹೋಗುತ್ತಾನೆ. ನೀವು ಸುಮ್ಮನೆ ಕಿಟಕಿ ಕಡೆ ನೋಡುತ್ತಾ ಕೂತಿರಿ. ಮುಂದಿನ ಹಾಡಿನಲ್ಲಿ ಅದೇ ಸಾಲು ಬಂದಾಗ, 'ಅಮ್ಮಾ, ಇದು ಆಗ್ಲೇ ಕೇಳಿದ್ವಲ್ಲ!' ಎಂದು ಮಗಳೇ ಮೊದಲು ಕೂಗಲಿ.